10 ಇಂಚಿನ ಬಟ್ಟಲು, 34 ಇಂಚಿನ ಕಂಬ: ಕಲಬುರಗಿಯ ಕಾರ್ಯಾಗಾರವೊಂದು ಮರದ ಲೇತ್ ಆರಿಸಿಕೊಂಡ ಪ್ರಕರಣ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶಕ್ಕೆ ಹತ್ತಿರವಾಗಿ, ಮಂಚ, ಬಾಗಿಲ ಚೌಕಟ್ಟು, ದೇವರ ಮಂಟಪ ಮತ್ತು ಮೆಟ್ಟಿಲ ಕಟಾಂಜನ ಮಾಡಿಕೊಡುವ ಒಂದು ಸಣ್ಣ ಮರಗೆಲಸದ ಕಾರ್ಯಾಗಾರವಿದೆ. ಕೊಯ್ಯುವ, ಹೆರೆಯುವ, ಕೊರೆಯುವ ಯಂತ್ರಗಳೆಲ್ಲ ಅಲ್ಲಿದ್ದರೂ, ಮರದ ತುಂಡನ್ನು ತಿರುಗಿಸಿ ಉಳಿಯಿಂದ ದುಂಡಗೆ ಕಡೆಯುವ ಲೇತ್ ಇರಲಿಲ್ಲ. ಮಂಚದ ಕಾಲು, ಕಟಾಂಜನದ ಕಂಬ, ತೊಟ್ಟಿಲ ಗುಂಬಗಳನ್ನು ಮಾಲೀಕರು ಊರೊಳಗಿನ ಒಬ್ಬ ಖರಾದಿಯ ಬಳಿ ಕಡೆಸಿಕೊಂಡು ತರುತ್ತಿದ್ದರು. ಖರಾದಿಗೆ ವಯಸ್ಸಾಗಿ, ಹೇಳಿದ ದಿನಕ್ಕೆ ಕೆಲಸ ಕೈಸೇರದಂತಾದ ಮೇಲೆ ಸ್ವಂತಕ್ಕೆ ಒಂದು ಯಂತ್ರ ಕೊಳ್ಳುವ ಮಾತು ಬಂತು. ಇದೇ ಹೊತ್ತಿಗೆ ಮಾಲೀಕರ ಮಗ, ಹೊಲದ ಬದುಗಳಲ್ಲಿ ಸೌದೆಗೆ ಮಾತ್ರ ಬರುವ ಬಳ್ಳಾರಿ ಜಾಲಿಯ ಬೊಡ್ಡೆಗಳಿಂದ ಬಟ್ಟಲು ಕಡೆದು ಮಾರಬೇಕೆಂದು ಹೊರಟಿದ್ದ. ಯಂತ್ರಗಳ ವಿವರಪಟ್ಟಿಗಳನ್ನು ಒಟ್ಟಿಗಿಟ್ಟು ತೂಗಿ ನೋಡಲು ಅವರು ನನ್ನನ್ನು ಕರೆದದ್ದರಿಂದ ಈ ಪ್ರಕರಣ ನನಗೆ ಒಳಗಿನಿಂದ ಗೊತ್ತು.

ತಂದೆಯ ಬೇಡಿಕೆ ಮತ್ತು ಮಗನ ಬೇಡಿಕೆ ಮೇಲುನೋಟಕ್ಕೆ ಒಂದೇ ಯಂತ್ರದವು. ಆದರೆ ಇಬ್ಬರೂ ಕೇಳುತ್ತಿದ್ದದ್ದು ಬೇರೆ ಬೇರೆ ಗುಣಗಳನ್ನು. ಕಟಾಂಜನದ ಕಂಬ 32ರಿಂದ 34 ಇಂಚು ಉದ್ದ, ಎರಡೂವರೆಯಿಂದ 3 ಇಂಚು ದಪ್ಪ. ಅದಕ್ಕೆ ಬೇಕಾದದ್ದು ಉದ್ದನೆಯ ಬೆಡ್ (ಯಂತ್ರದ ಅಡಿಯ ಹಾಸು) ಮತ್ತು ಸಾಕಷ್ಟು ವೇಗ. ಬಟ್ಟಲು 10 ಇಂಚು ಅಗಲ, 4 ಇಂಚು ಎತ್ತರ; ಅದಕ್ಕೆ ಬೇಕಾದದ್ದು ಬೆಡ್‌ನಿಂದ, ತುಂಡನ್ನು ತಿರುಗಿಸುವ ದಂಡವಾದ ಸ್ಪಿಂಡಲ್‌ವರೆಗಿನ ಎತ್ತರ, ಭಾರ ಮತ್ತು ನಿಧಾನಗತಿಯಲ್ಲಿ ತಾಕತ್ತು. ಲಟ್ಟಣಿಗೆ, ಮಣೆಗಳ ಲೆಕ್ಕವನ್ನು ನಾವು ಹಿಡಿಯಲೇ ಇಲ್ಲ, ಏಕೆಂದರೆ ಅವು ಯಾವ ಲೇತ್‌ನಲ್ಲಾದರೂ ಆಗುತ್ತವೆ. (ಕೈಯಲ್ಲಿ ಜೋಳದ ರೊಟ್ಟಿ ಬಡಿಯುವ ಸೀಮೆಯಲ್ಲಿ ಲಟ್ಟಣಿಗೆ ಯಾರು ಕೊಳ್ಳುತ್ತಾರೆ ಎಂದು ಮಾಲೀಕರು ನಕ್ಕರು, ಶೇಂಗಾ ಹೋಳಿಗೆಯ ನೆನಪು ಮಾಡಿಕೊಟ್ಟದ್ದು ಮನೆಯ ಹೆಣ್ಣುಮಕ್ಕಳು.) ಯಂತ್ರ, ಮೋಟಾರು, ತುಂಡನ್ನು ಕಚ್ಚಿ ಹಿಡಿಯುವ ಚಕ್, ಉಳಿ ಎಲ್ಲ ಸೇರಿ ಖರ್ಚಿನ ಮಿತಿ ಒಂದೂವರೆ ಲಕ್ಷ ರೂಪಾಯಿ. ಕಾರ್ಯಾಗಾರಕ್ಕೆ ಇರುವುದು ಸಿಂಗಲ್ ಫೇಸ್ ಸಂಪರ್ಕ. ಬೇಸಿಗೆಯ ಮಧ್ಯಾಹ್ನ ವೋಲ್ಟೇಜ್ 200ರ ಆಸುಪಾಸಿಗೆ ಇಳಿಯುವುದು ಅಲ್ಲಿ ಸಾಮಾನ್ಯ.

ಎದುರಿಗಿದ್ದ ಯಂತ್ರಗಳು

ಮೊದಲನೆಯದು ದೇಶದೊಳಗೇ ತಯಾರಾಗುವ, ಬೀಡುಕಬ್ಬಿಣದ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ತಲೆಭಾಗ) ಇರುವ ನೆಲದ ಲೇತ್. ಬೆಡ್‌ನ ಉದ್ದವನ್ನು ಗಿರಾಕಿ ಹೇಳಿದಂತೆ ಮಾಡಿಕೊಡುತ್ತಾರೆ. ನಾಲ್ಕು ಮೆಟ್ಟಿಲಿನ ಪುಲ್ಲಿ, 1 ಎಚ್‌ಪಿ ಮೋಟಾರು, ಬೆಡ್‌ನ ಮೇಲೆ ತಿರುಗುವ ಗರಿಷ್ಠ ವ್ಯಾಸ 12 ಇಂಚು. ಇದರ ಬೆಲೆ ನಮ್ಮ ಮಿತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು.

ಎರಡನೆಯದು ಮೇಜಿನ ಮೇಲೆ ಕೂರಿಸುವ, ಆಮದಾದ ಮಧ್ಯಮ ಗಾತ್ರದ ಲೇತ್. ಈ ವರ್ಗಕ್ಕೆ ಒಳ್ಳೆಯ ಮಾದರಿ ಜೆಟ್ ಕಂಪನಿಯ 1221 ವಿಎಸ್: ವ್ಯಾಸ ಹನ್ನೆರಡೂವರೆ ಇಂಚು, ತುಂಡನ್ನು ಎರಡು ತುದಿಗೂ ಹಿಡಿಯುವ ಮೊನೆಗಳಾದ ಸೆಂಟರುಗಳ ನಡುವೆ 21 ಇಂಚು, 1 ಎಚ್‌ಪಿ, ಮೂರು ಬೆಲ್ಟ್ ಸ್ಥಾನಗಳಲ್ಲಿ ನಿಮಿಷಕ್ಕೆ 60ರಿಂದ 3600 ಸುತ್ತಿನವರೆಗೆ ಗುಂಡಿ ತಿರುಗಿಸಿ ಬದಲಿಸಬಹುದಾದ ವೇಗ. ಮಗನ ಕಣ್ಣು ಇದರ ಮೇಲಿತ್ತು. ಹೈದರಾಬಾದಿನಲ್ಲಿ ಹವ್ಯಾಸಕ್ಕೆ ಕಡೆಯುವ ಒಬ್ಬರ ಬಳಿ ಇದೇ ವರ್ಗದ ಯಂತ್ರವನ್ನು ಅವನು ಓಡಿಸಿ ನೋಡಿ ಬಂದಿದ್ದ. ಅದರ ನಯ, ಸದ್ದಿಲ್ಲದ ಓಟ, ಉಳಿಗೆ ಆಸರೆಯಾಗಿ ಬೀಗ ಬಿದ್ದಂತೆ ಕೂರುವ ಟೂಲ್‌ರೆಸ್ಟ್ ಯಾರನ್ನಾದರೂ ಒಲಿಸಿಕೊಳ್ಳುವಂಥವು.

ಮೂರನೆಯದನ್ನು ನಾವು ಕೊಳ್ಳುವುದಕ್ಕಲ್ಲ, ಅಳತೆಗೋಲಾಗಿ ಇಟ್ಟುಕೊಂಡೆವು. ಲಗೂನ ಕಂಪನಿಯ ರೆವೊ ಸಾಲಿನ ದೊಡ್ಡ ಲೇತ್‌ನಲ್ಲಿ ವ್ಯಾಸ 18 ಇಂಚು, ಉದ್ದ 36 ಇಂಚು, 2 ಎಚ್‌ಪಿ. ಅದರಲ್ಲಿ ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಡ್ರೈವ್ ಬದಲಿಸುತ್ತದೆ, ಆದರೂ ಬೆಲ್ಟಿಗೆ ಎರಡು ಸ್ಥಾನಗಳನ್ನು ಉಳಿಸಿಕೊಂಡಿದ್ದಾರೆ. ವೇಗವನ್ನು ಡ್ರೈವ್ ನೋಡಿಕೊಳ್ಳುವಾಗ ಬೆಲ್ಟ್ ಬದಲಿಸುವ ಕಾಟವನ್ನು ಏಕೆ ಬಿಟ್ಟಿದ್ದಾರೆ ಎಂಬ ಮಗನ ಪ್ರಶ್ನೆಯೇ ಈ ಇಡೀ ಹೋಲಿಕೆಗೆ ದಾರಿ ತೋರಿಸಿತು.

ಕನಿಷ್ಠ ವೇಗದ ಲೆಕ್ಕ

ಜಾಹೀರಾತುಗಳು ಎಚ್‌ಪಿಯನ್ನೂ ಗರಿಷ್ಠ ವೇಗವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಬಟ್ಟಲು ಕಡೆಯುವವನು ಮೊದಲು ಕೇಳಬೇಕಾದದ್ದು ಕನಿಷ್ಠ ವೇಗ ಎಷ್ಟು, ಆ ವೇಗದಲ್ಲಿ ಸ್ಪಿಂಡಲ್‌ಗೆ ಎಷ್ಟು ತಿರುಚುಬಲ (ಟಾರ್ಕ್) ಉಳಿಯುತ್ತದೆ ಎಂಬುದನ್ನು.

ಕಡೆಯುವವರಲ್ಲಿ ಬಳಕೆಯಲ್ಲಿರುವ ಒಂದು ಸುಲಭ ಲೆಕ್ಕವಿದೆ: ತುಂಡಿನ ವ್ಯಾಸವನ್ನು ಇಂಚಿನಲ್ಲಿ ಹಿಡಿದು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಸಂಖ್ಯೆ 6000ರಿಂದ 9000ದ ನಡುವೆ ಇರಬೇಕು. ಆ ಪ್ರಕಾರ 3 ಇಂಚಿನ ಕಂಬಕ್ಕೆ 2000ದಿಂದ 3000, 10 ಇಂಚಿನ ಬಟ್ಟಲಿಗೆ 600ರಿಂದ 900. ಆದರೆ ಇದು ದುಂಡಗಾದ, ತೂಕ ಸಮನಾದ ತುಂಡಿನ ಲೆಕ್ಕ. ಬೊಡ್ಡೆಯಿಂದ ಕೊಯ್ದು ತಂದ ತುಂಡಿನ ಒಂದು ಮಗ್ಗುಲಲ್ಲಿ ತೊಗಟೆ ಇರುತ್ತದೆ, ಇನ್ನೊಂದು ಮಗ್ಗುಲಲ್ಲಿ ಗಟ್ಟಿ ತಿರುಳು. ಬಳ್ಳಾರಿ ಜಾಲಿಯಲ್ಲಿ ಬಿಳಿಮರಕ್ಕೂ ತಿರುಳಿಗೂ ತೂಕದ ಅಂತರ ಕೈಗೆ ತಿಳಿಯುವಷ್ಟಿದೆ. ಅಂಥ ತುಂಡನ್ನು ಮೊದಲ ಬಾರಿ ದುಂಡಗೆ ಮಾಡುವಾಗ 300ರ ಆಸುಪಾಸು ಬೇಕು.

ದೇಶೀಯ ಯಂತ್ರದ ಮೋಟಾರು ಪುಲ್ಲಿಯ ಮೆಟ್ಟಿಲುಗಳು 2, 3, 4, 5 ಇಂಚು. ಸ್ಪಿಂಡಲ್ ಪುಲ್ಲಿಯವು ಅವಕ್ಕೆ ಎದುರಾಗಿ 5, 4, 3, 2 ಇಂಚು. 1440 ಸುತ್ತಿನ ಮೋಟಾರಿಗೆ ಇದರಿಂದ ಸಿಗುವ ವೇಗಗಳು 576, 1080, 1920 ಮತ್ತು 3600. ಮಾರುವವರ ಅಂಗಳದಲ್ಲೇ ಒಂದು ಜಾಲಿ ತುಂಡನ್ನು ಸ್ಪಿಂಡಲ್ ತುದಿಯ ತಟ್ಟೆಯಾದ ಫೇಸ್‌ಪ್ಲೇಟಿಗೆ ಬಿಗಿದು 576ರಲ್ಲಿ ಓಡಿಸಿದೆವು. ನೆಲಕ್ಕೆ ಬೋಲ್ಟ್ ಹಾಕದ ಆ ಯಂತ್ರ, ಭಾರವಾಗಿದ್ದರೂ, ಕಾಲೆತ್ತಿ ಪಕ್ಕಕ್ಕೆ ಸರಿಯತೊಡಗಿತು. ಟೂಲ್‌ರೆಸ್ಟ್ ಮೇಲಿಟ್ಟ ಉಳಿ ಕಟಕಟನೆ ಬಡಿದುಕೊಂಡಿತು. ಮಗ ಕೂಡಲೇ ನಿಲ್ಲಿಸಿ, ಈ ಯಂತ್ರ ಬಟ್ಟಲಿಗಲ್ಲ ಎಂದುಬಿಟ್ಟ. ಅವನ ಮಾತು ಆ ಯಂತ್ರ ಆಗ ಇದ್ದ ಸ್ಥಿತಿಗೆ ಸರಿಯಾಗಿಯೇ ಇತ್ತು. ಆದರೆ ದೋಷವಿದ್ದದ್ದು ಹೆಡ್‌ಸ್ಟಾಕ್‌ನಲ್ಲಲ್ಲ, ಪುಲ್ಲಿಗಳ ಅನುಪಾತದಲ್ಲಿ. ನೋವಾ 1624 ಎಂಬ ಲೇತ್ ಕೂಡ ಮೆಟ್ಟಿಲು ಪುಲ್ಲಿಯದ್ದೇ. ಅದರಲ್ಲಿ ಎಂಟು ವೇಗಗಳಿದ್ದು ಕೆಳಗಿನದು ಸುಮಾರು 215 ಇದೆ.

ದೇಶೀಯ ಯಂತ್ರಕ್ಕೆ ತ್ರೀ ಫೇಸ್ ಮೋಟಾರು ಹಾಕಿಸಿ, ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ, ವಿದ್ಯುತ್ತಿನ ಹರ್ಟ್ಸ್ (ಸೆಕೆಂಡಿನ ಆವರ್ತಗಳ ಸಂಖ್ಯೆ) ಬದಲಿಸಿ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಜೋಡಿಸಿದರೆ ವೇಗ ಬೇಕಾದಂತೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಪರಿಹಾರ. ಹೊಳೆಯದ ಸಂಗತಿ ಎಂದರೆ, 50 ಹರ್ಟ್ಸ್‌ಗಿಂತ ಕೆಳಗೆ ಇಳಿಸಿದಾಗ ಮೋಟಾರಿನ ತಿರುಚುಬಲ ಹೆಚ್ಚುವುದಿಲ್ಲ. ಇದ್ದಷ್ಟೇ ಇರುತ್ತದೆ, ವೇಗ ಇಳಿದಷ್ಟೂ ಅಶ್ವಶಕ್ತಿಯೂ ಇಳಿಯುತ್ತದೆ. 1440 ಸುತ್ತಿನ 1 ಎಚ್‌ಪಿ ಮೋಟಾರಿನ ತಿರುಚುಬಲ ಸುಮಾರು 5 ನ್ಯೂಟನ್ ಮೀಟರ್. ಒಂದಕ್ಕೊಂದು ಅನುಪಾತದ ಪುಲ್ಲಿ ಇದೆ ಎಂದುಕೊಂಡು, ಬೆಲ್ಟನ್ನು ಅದರಲ್ಲಿಟ್ಟು ಡ್ರೈವನ್ನು 10 ಹರ್ಟ್ಸ್‌ಗೆ ಇಳಿಸಿದರೆ ಸ್ಪಿಂಡಲ್ 288 ಸುತ್ತು ತಿರುಗುತ್ತದೆ, ಆದರೆ ಬಲ ಅದೇ 5. ಬೆಲ್ಟನ್ನು 2ಕ್ಕೆ 5ರ ಮೆಟ್ಟಿಲಿನಲ್ಲಿಟ್ಟು ಡ್ರೈವನ್ನು 25 ಹರ್ಟ್ಸ್‌ಗೆ ಇಳಿಸಿದರೂ ವೇಗ ಅದೇ 288. ಬಲ ಮಾತ್ರ ಎರಡೂವರೆ ಪಟ್ಟಾಗಿ ಸುಮಾರು ಹನ್ನೆರಡೂವರೆ. 10 ಇಂಚಿನ ತುಂಡಿನ ಅಂಚಿನಲ್ಲಿ ಉಳಿ ಒತ್ತಿದಾಗ ಮೊದಲನೆಯದು ಸುಮಾರು 4 ಕಿಲೋ ತೂಕದಷ್ಟು ತಡೆಗೇ ತನ್ನ ಪೂರ್ಣ ಹೊರೆ ಮುಟ್ಟುತ್ತದೆ, ಎರಡನೆಯದು ಸುಮಾರು 10 ಕಿಲೋದವರೆಗೆ ತಾಳುತ್ತದೆ. ದೊಡ್ಡ ಲೇತ್‌ನಲ್ಲಿ ಎರಡು ಬೆಲ್ಟ್ ಸ್ಥಾನ ಉಳಿಸಿಕೊಂಡದ್ದು ಇದಕ್ಕಾಗಿ.

ಆಮದಿನ ಮೇಜಿನ ಲೇತ್ ಈ ಲೆಕ್ಕದಲ್ಲಿ ನಡುವೆ ಬರುತ್ತದೆ. ಅದರ ಕೆಳಗಿನ ಬೆಲ್ಟ್ ಸ್ಥಾನದ ಗರಿಷ್ಠ ವೇಗ 900. ಪೂರ್ಣ 1 ಎಚ್‌ಪಿ ಅಲ್ಲಿ ಸಿಗುತ್ತದೆ ಎಂದು ಹಿಡಿದರೆ ತಿರುಚುಬಲ 8 ನ್ಯೂಟನ್ ಮೀಟರಿನ ಹತ್ತಿರ, ಅಂಚಿನಲ್ಲಿ 6 ಕಿಲೋಗಿಂತ ಸ್ವಲ್ಪ ಹೆಚ್ಚು. 8 ಇಂಚಿನ ಬಟ್ಟಲಿಗೆ ಅದು ಧಾರಾಳ. 10 ಇಂಚಿನ ಜಾಲಿಗೆ ಸಣ್ಣ ಸಣ್ಣ ಕಡಿತ ತೆಗೆಯುವ ತಾಳ್ಮೆ ಬೇಕು.

ವೋಲ್ಟೇಜ್ ಇಳಿತದ ಮಾತು ಇಲ್ಲಿಯೇ ಸೇರುತ್ತದೆ. ನೇರವಾಗಿ ವಿದ್ಯುತ್ತಿಗೆ ಜೋಡಿಸಿದ ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ 230ರ ಬದಲು 200 ಬಂದಾಗ ಸುಮಾರು ಕಾಲುಭಾಗ ಕಳೆದುಹೋಗುತ್ತದೆ. ಡ್ರೈವ್ ಇದ್ದಾಗ ಹಾಗಾಗುವುದಿಲ್ಲ: 25 ಹರ್ಟ್ಸ್‌ನಲ್ಲಿ ಮೋಟಾರಿಗೆ ಬೇಕಾಗುವುದು ಅರ್ಧದಷ್ಟು ವೋಲ್ಟೇಜ್ ಮಾತ್ರ, ಅದನ್ನು 200ರಿಂದಲೂ ಡ್ರೈವ್ ಸಲೀಸಾಗಿ ಕೊಡುತ್ತದೆ. ಬಟ್ಟಲಿನ ಮೊದಲ ಕಡಿತ, ಎಂದರೆ ಅತಿ ಹೆಚ್ಚು ಬಲ ಬೇಡುವ ಹೊತ್ತು, ಹೀಗೆ ಮಧ್ಯಾಹ್ನದ ಇಳಿತದಿಂದ ಪಾರಾಗುತ್ತದೆ. ಬೇಸಿಗೆಯಲ್ಲಿ ಕಾಟ ಕೊಡುವುದು ಸೆಖೆ. ಮೋಟಾರಿನ ಫ್ಯಾನ್ ಅದರ ದಂಡಕ್ಕೇ ಜೋಡಿಸಿದ್ದಾದ್ದರಿಂದ ವೇಗ ಇಳಿದರೆ ಗಾಳಿಯೂ ಇಳಿಯುತ್ತದೆ. ಸಾಮಾನ್ಯ ಮೋಟಾರು, ಡ್ರೈವ್‌ಗಳ ಸಾಮರ್ಥ್ಯವನ್ನು 40 ಡಿಗ್ರಿ ಸುತ್ತಲಿನ ತಾಪಕ್ಕೆ ಹೇಳಿರುತ್ತಾರೆ, ಕಲಬುರಗಿಯ ಮೇ ತಿಂಗಳು ಆ ಗೆರೆಯನ್ನು ಲೆಕ್ಕಕ್ಕಿಡುವುದಿಲ್ಲ. ಆದ್ದರಿಂದ 1 ಎಚ್‌ಪಿ ಮೋಟಾರಿಗೆ 2 ಎಚ್‌ಪಿಯ ಡ್ರೈವ್, ಮತ್ತು 20 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚು ಹೊತ್ತು ಓಡಿಸಬಾರದೆಂಬ ನಿಯಮ ಗೊತ್ತಾಯಿತು.

ಉದ್ದ, ಭಾರ, ನೆಲ

ಸೆಂಟರುಗಳ ನಡುವೆ 21 ಇಂಚಿನ ಯಂತ್ರದಲ್ಲಿ 34 ಇಂಚಿನ ಕಂಬ ಕೂರುವುದಿಲ್ಲ. ಬೆಡ್‌ಗೆ ಜೋಡಿಸುವ ಹೆಚ್ಚುವರಿ ತುಂಡು ಸಿಗುತ್ತದೆ ನಿಜ, ಆದರೆ ಅದನ್ನೂ ಸ್ಟ್ಯಾಂಡನ್ನೂ ತರಿಸಿಕೊಂಡರೆ ನಮ್ಮ ಮಿತಿ ದಾಟಿ, ಉಳಿ ಕೊಳ್ಳಲು ಹಣ ಉಳಿಯುತ್ತಿರಲಿಲ್ಲ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಯಂತ್ರ 115 ವೋಲ್ಟಿನದ್ದಾದರೆ ಟ್ರಾನ್ಸ್‌ಫಾರ್ಮರ್ ಬೇರೆ. ವ್ಯಾಸದ ಅಂಕಿಯಲ್ಲೂ ಒಂದು ಒಳಗುಟ್ಟಿದೆ: 12 ಇಂಚು ಎನ್ನುವುದು ಬೆಡ್‌ನ ಮೇಲಿನ ಅಳತೆ. ಟೂಲ್‌ರೆಸ್ಟನ್ನು ಹೊರುವ ಬ್ಯಾಂಜೊ ಬೆಡ್‌ನ ಮೇಲೆಯೇ ಕೂರುವುದರಿಂದ, ಅದು ತುಂಡಿನ ಕೆಳಗೆ ಹೋಗಬೇಕಾದ ಕೆಲಸಗಳಲ್ಲಿ ಸಿಗುವುದು ಇನ್ನೂ ಕಡಿಮೆ. ನಾವು ನೋಡಿದ ದೇಶೀಯ ಯಂತ್ರದಲ್ಲಿ ಅದು 9 ಇಂಚಿನಷ್ಟಿತ್ತು. ಉದ್ದನೆಯ ಕಂಬಕ್ಕೆ ಇದು ಅಡ್ಡಿಯಲ್ಲ. ಬಟ್ಟಲಿಗೂ ಬ್ಯಾಂಜೊ ಪಕ್ಕದಲ್ಲಿ ನಿಲ್ಲುವುದರಿಂದ 10 ಇಂಚು ದಕ್ಕುತ್ತದೆ.

ಮೇಜಿನ ಲೇತ್‌ನ ತೂಕ 60 ಕಿಲೋದೊಳಗೆ. ತೂಕ ಸಮನಿಲ್ಲದ ತುಂಡನ್ನು ತಿರುಗಿಸುವಾಗ ಯಂತ್ರದ ಭಾರವೇ ಆಸರೆ, ಮತ್ತು ಆ ಭಾರ ನೆಲಕ್ಕೆ ಬೆಸೆದಿರಬೇಕು. ಇಲ್ಲಿ ನಮ್ಮ ಭಾಗದ ಮಣ್ಣಿನ ಗುಣವನ್ನು ಗಮನಿಸದೆ ನಿರ್ವಾಹವಿಲ್ಲ. ಕಾರ್ಯಾಗಾರದ ನೆಲಕ್ಕೆ ಶಹಾಬಾದ್ ಪರಸಿ ಹಾಸಿದೆ. ಪರಸಿಯ ಕೆಳಗೆ ಎರೆಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ; ಅದರ ಮೇಲೆ ಬರಿದೆ ಹಾಸಿದ ಕಲ್ಲಿಗೆ ನಾಲ್ಕು ಬೋಲ್ಟ್ ಹಾಕಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಡ್ ತಿರುಚಿಕೊಂಡು ಹೆಡ್‌ಸ್ಟಾಕ್ ಒಂದು ಕಡೆ, ಎದುರು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್ ಒಂದು ಕಡೆ ನೋಡುತ್ತವೆ. ನಾಲ್ಕು ಪರಸಿ ಎಬ್ಬಿಸಿ, ಗಟ್ಟಿ ಗರಸು ಸಿಗುವವರೆಗೆ ತೋಡಿ, ಕಬ್ಬಿಣ ಕಟ್ಟಿದ ಕಾಂಕ್ರೀಟಿನ ಒಂದೇ ದಿಂಡನ್ನು ಎರಕ ಹಾಕಿ, ಸುತ್ತಲಿನ ನೆಲಕ್ಕೂ ಅದಕ್ಕೂ ನಡುವೆ ಬೆರಳಗಲ ಸಂದು ಬಿಡಲಾಯಿತು. ಇದರ ಖರ್ಚನ್ನು ಯಂತ್ರದ ಬೆಲೆಯೊಳಗೇ ಲೆಕ್ಕ ಹಿಡಿದದ್ದು ಮಾಲೀಕರ ಜಾಣತನ.

ತೀರ್ಮಾನ ಮತ್ತು ಆರ್ಡರಿನ ಷರತ್ತುಗಳು

ದೇಶೀಯ ಯಂತ್ರವನ್ನೇ ಆರಿಸಲಾಯಿತು, ಆದರೆ ಅಂಗಳದಲ್ಲಿ ಇದ್ದಂತೆ ಅಲ್ಲ. ಬೆಡ್ ಅನ್ನು ಸೆಂಟರುಗಳ ನಡುವೆ 40 ಇಂಚು ಸಿಗುವಷ್ಟು ಉದ್ದ ಮಾಡಿಸಲಾಯಿತು. ಮೋಟಾರು ತ್ರೀ ಫೇಸ್, ಆರು ತಂತಿ ಹೊರಗೆ ಬಿಟ್ಟದ್ದೇ ಆಗಬೇಕೆಂದು ಬರೆಸಿದೆವು. ಈ ಗಾತ್ರದ ಮೋಟಾರುಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ 415 ವೋಲ್ಟಿಗೆ ಒಳಸುರುಳಿಗಳ ಸ್ಟಾರ್ ಜೋಡಣೆಯಲ್ಲಿ ಕೊಡುತ್ತಾರೆ. ಸಿಂಗಲ್ ಫೇಸ್ ಡ್ರೈವ್ ಕೊಡುವುದು 230 ಮಾತ್ರ, ಅದಕ್ಕೆ ಡೆಲ್ಟಾ ಜೋಡಣೆ ಬೇಕು, ಜೋಡಣೆ ಬದಲಿಸಲು ಆರು ತಂತಿಯೂ ಹೊರಗಿರಬೇಕು. ಮೂರೇ ತಂತಿ ಹೊರಬಂದ ಮೋಟಾರು ತಂದು, ಆಮೇಲೆ ಬಲವೇ ಇಲ್ಲ ಎಂದು ಡ್ರೈವನ್ನು ಬೈಯುವವರನ್ನು ನಾನು ಕಂಡಿದ್ದೇನೆ.

ಸ್ಪಿಂಡಲ್‌ನ ಮರೆಯ (ಚಕ್ ತಿರುಗಿಸಿ ಕೂರಿಸುವ ತಿರುಪುಗೆರೆಯ) ವಿಷಯದಲ್ಲಿ ಮಾರುವವರು ತಮ್ಮದೇ ಒಂದು ಅಳತೆಯನ್ನು ಹೇಳಿದರು. ಹಾಗಾದರೆ ಮುಂದೆ ಪ್ರತಿ ಚಕ್, ಪ್ರತಿ ಫೇಸ್‌ಪ್ಲೇಟಿಗೂ ಅವರ ಬಾಗಿಲಿಗೇ ಹೋಗಬೇಕು. ಯುರೋಪಿನ ಚಕ್‌ಗಳಿಗೆ ಹೊಂದುವ ಎಂ33 3.5 ಪಿಚ್ ಮರೆ, ಎರಡೂ ತುದಿಗೆ 2ನೇ ನಂಬರಿನ ಮೋರ್ಸ್ ಟೇಪರ್ (ಸೆಂಟರು ಕಚ್ಚಿ ಕೂರುವ ಇಳಿಜಾರು ಕುಳಿ), ಸ್ಪಿಂಡಲ್‌ನ ನಡುವೆ ಸೆಂಟರನ್ನು ಹೊರತಳ್ಳುವ ಸರಳು ಹಾಯುವಷ್ಟು ರಂಧ್ರ, ಇಷ್ಟನ್ನು ಷರತ್ತಾಗಿ ಸೇರಿಸಿದೆವು. ಬೇರಿಂಗ್ 6206, ಒಳವ್ಯಾಸ 30 ಮಿಲಿಮೀಟರಿನದು. ಕಲಬುರಗಿಯ ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುವಂಥದ್ದು. ಬೆಲ್ಟು ಸಾಮಾನ್ಯ ಎ ಸೆಕ್ಷನ್. ಆಮದಿನ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ಅದೇ ಬೋರ್ಡು ಬರುವವರೆಗೆ ಯಂತ್ರ ಮಲಗಿರುತ್ತದೆ. ಇಲ್ಲಿ ಡ್ರೈವ್ ಕೆಟ್ಟರೆ ಬೇರೆ ಯಾವ ಕಂಪನಿಯ ಡ್ರೈವನ್ನಾದರೂ ಹಾಕಬಹುದು. ನನಗೆ ತೀರ್ಮಾನದ ತಕ್ಕಡಿ ವಾಲಿದ್ದು ತಿರುಚುಬಲದ ಲೆಕ್ಕಕ್ಕೆ. ಮಾಲೀಕರಿಗೆ ವಾಲಿದ್ದು ಈ ಮಾತಿಗೆ.

ಯಂತ್ರ ಬಂದ ಮೇಲೆ ಮೊದಲು ಮಾಡಿದ ಪರೀಕ್ಷೆ ಎರಡೂ ಸೆಂಟರುಗಳ ಮೊನೆಗಳನ್ನು ಮುಖಾಮುಖಿ ತರುವುದು. ಟೇಲ್‌ಸ್ಟಾಕಿನ ಮೊನೆ ಅರ್ಧ ಮಿಲಿಮೀಟರಿನಷ್ಟು ಕೆಳಗಿತ್ತು. ಕಂಬ ಕಡೆಯಲು ಅಷ್ಟು ಅಂತರ ಲೆಕ್ಕಕ್ಕಿಲ್ಲ, ಆದರೆ ಟೇಲ್‌ಸ್ಟಾಕಿನಲ್ಲಿ ಡ್ರಿಲ್ ಹಿಡಿದು ತೂತು ಕೊರೆದರೆ ತೂತು ಅಗಲವಾಗುತ್ತದೆ. ಟೇಲ್‌ಸ್ಟಾಕಿನ ತಳಕ್ಕೆ ಹಿತ್ತಾಳೆಯ ತೆಳು ತಗಡು ಕೊಟ್ಟು ಸರಿಪಡಿಸಲಾಯಿತು. ಸ್ಪಿಂಡಲ್‌ನ ಮೂತಿಗೆ ಡಯಲ್ ಗೇಜ್ ಹಿಡಿದು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದಾಗ ಮುಳ್ಳು ಅಲುಗಿದ್ದು ಒಂದು ಮಿಲಿಮೀಟರಿನ ನೂರನೇ ಭಾಗದ ಎರಡು ಮೂರು ಗೆರೆ. ಮರಕ್ಕೆ ಇದಕ್ಕಿಂತ ಹೆಚ್ಚಿನ ನಿಖರತೆ ಬೇಡ.

ಡ್ರೈವಿನ ಹೊಂದಾಣಿಕೆಗಳಲ್ಲಿ ಮೂರನ್ನು ಬಿಗಿಯಾಗಿ ಪಾಲಿಸಲಾಗಿದೆ. ಹಿಮ್ಮುಖ ತಿರುಗುವಿಕೆಯನ್ನು ಬಂದ್ ಮಾಡಲಾಗಿದೆ, ಏಕೆಂದರೆ ಬಿಗಿತಿರುಪು ಇಲ್ಲದ ಚಕ್ ಹಿಮ್ಮುಖವಾಗಿ ತಿರುಗಿದರೆ ಮರೆ ಬಿಚ್ಚಿಕೊಂಡು ಹಾರುತ್ತದೆ. ಭಾರದ ತುಂಡು ಹಿಡಿದಾಗ ಥಟ್ಟನೆ ಬ್ರೇಕ್ ಹಾಕಿದರೂ ಅದೇ ಅಪಾಯವಿರುವುದರಿಂದ ನಿಲ್ಲುವ ಅವಧಿಯನ್ನು ಉದ್ದ ಇಡಲಾಗಿದೆ. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಹೊರಡದಂತೆ, ಪ್ರತಿ ಬಾರಿ ಹಸಿರು ಗುಂಡಿ ಒತ್ತಿದರೆ ಮಾತ್ರ ಓಡುವಂತೆ ಮಾಡಲಾಗಿದೆ. ಡ್ರೈವ್ ಪೆಟ್ಟಿಗೆಯನ್ನು ಲೇತ್‌ನ ಕಾಲಿಗೆ ಕೂರಿಸದೆ ಗೋಡೆಯ ಆಚೆ ಮಗ್ಗುಲಿಗೆ, ಮರದ ಪುಡಿ ತಲುಪದಲ್ಲಿ ಹಾಕಿ, ವೇಗದ ಗುಂಡಿಯನ್ನಷ್ಟೇ ಕೇಬಲ್ ಮೂಲಕ ಕೈಯಳತೆಗೆ ತಂದಿದ್ದಾರೆ.

ಈಗ ಅದೇ ಜಾಲಿಯ ತುಂಡುಗಳು 290ರ ಆಸುಪಾಸಿನಲ್ಲಿ ಅಲುಗದೆ ದುಂಡಗಾಗುತ್ತವೆ, ಆಮೇಲೆ ವೇಗವನ್ನು 600ಕ್ಕೆ ಏರಿಸಬಹುದು. ಆದರೆ ಡ್ರೈವನ್ನು 50 ಹರ್ಟ್ಸ್ ದಾಟಿಸದೆ 576ಕ್ಕಿಂತ ಮೇಲೆ ಹೋಗಲು ಮುಂದಿನ ಮೆಟ್ಟಿಲಿಗೆ ಬೆಲ್ಟ್ ದಾಟಿಸಬೇಕು, ಅದು ಪ್ರತಿ ಬಟ್ಟಲಿಗೂ ಒಂದು ಸಲ ಬೀಳುವ ಕೆಲಸ. ಮೇಜಿನ ಲೇತ್ ಇದ್ದಿದ್ದರೆ 900ರವರೆಗೆ ಈ ಗೋಜು ಇರುತ್ತಿರಲಿಲ್ಲ ಎಂದು ಮಗ ಇಂದಿಗೂ ಗೊಣಗುತ್ತಾನೆ, ಮತ್ತು ಅದು ನಿಜ. ಟೂಲ್‌ರೆಸ್ಟನ್ನು ಬಿಗಿಯಲು ಸ್ಪ್ಯಾನರ್ ಬೇಕಾಗುವುದೂ ಈ ಯಂತ್ರದ ಒರಟುತನವೇ. ಹಿಡಿ ಎಳೆದರೆ ಬಿಗಿಯುವ ಕ್ಯಾಮ್ ಒಂದನ್ನು ಊರಿನ ಫಿಟರ್ ಒಬ್ಬರಿಂದ ಮಾಡಿಸುವ ಮಾತು ನಡೆದಿದೆ. ಮಿತಿಯಲ್ಲಿ ಉಳಿದ ಹಣ ನಾಲ್ಕು ದವಡೆಯ ಚಕ್, ಎರಡು ಹೈಸ್ಪೀಡ್ ಉಕ್ಕಿನ ಬಟ್ಟಲು ಉಳಿ, ಸಾಣೆ ಯಂತ್ರ ಮತ್ತು ಮುಖಗವಸಿಗೆ ಸರಿಹೋಯಿತು. ಖರಾದಿಯಿಂದ ಬಂದ, ಲಾರಿಯ ಪಾಟಾದಿಂದ ಬಡಿದು ಮಾಡಿದ ಅಗಲ ಉಳಿಗಳು ಕಂಬಕ್ಕೆ ಮೀಸಲು. ಹಿಡಿಯೊಳಗೆ ಹೋಗುವ ಅವುಗಳ ಬಾಲ ತೆಳುವಾದ್ದರಿಂದ ಬಟ್ಟಲಿಗೆ ಹಚ್ಚಿದರೆ ಮುರಿದು ಮುಖಕ್ಕೆ ಬರುವ ಸಂಭವವಿದೆ. ಪುಡಿ ಎಳೆಯುವ ಯಂತ್ರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬಳ್ಳಾರಿ ಜಾಲಿಯನ್ನು ಒಣಗಿಸದೆ ಹಸಿಯಾಗಿಯೇ ಒರಟಾಗಿ ಕಡೆದು, ಗೋಡೆಯನ್ನು ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪ ಬಿಟ್ಟು, ಅಂಚಿಗೆ ಮೇಣ ಬಳಿದು ನೆರಳಿನಲ್ಲಿ ಸಾಲಾಗಿ ಇಡುತ್ತಿದ್ದಾರೆ. ಒಣಗಿದ ಮೇಲೆ ಮಾಡುವ, ಪುಡಿ ಹೆಚ್ಚು ಏಳುವ ಎರಡನೇ ಕಡೆತ ಮತ್ತು ಮರಳುಕಾಗದದ ಕೆಲಸಕ್ಕೆ ಆ ಯಂತ್ರ ಬರಲೇಬೇಕು.